ಜಕಾರ್ತದ ಅಲಿಯಣ್ಣ

ತತ್ಸಮ-ತದ್ಭವಗಳ ಪಾಠ ಮಾಡುವಾಗ, ಸಂಸ್ಕೃತದ ಶಬ್ದಗಳು ಕಡಲು ದಾಟಿ ಹೇಗೆ ವೇಷ ಬದಲಿಸಿದುವೆಂದು ತೋರಿಸಲು ನಾನು ‘ಜಕಾರ್ತ’ ಎಂಬ ಊರಿನ ಹೆಸರನ್ನು ಹೇಳುವುದುಂಟು. ಜಯಕರ್ತ ಎಂಬುದು ಸವೆದು ಜಕಾರ್ತವಾಗಿದೆ. ಡಚ್ಚರ ಕಾಲದಲ್ಲಿ ಅದು ಬಟೇವಿಯ ಎನ್ನಿಸಿಕೊಂಡು, 1942ರಲ್ಲಿ ಜಪಾನೀಯರು ಬಂದಾಗ ಮತ್ತೆ ಹಳೆಯ ಹೆಸರನ್ನು ಪಡೆಯಿತು. ಒಮ್ಮೆ ಹೀಗೆ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಹೆಸರು ಇಟ್ಟವರ ವಿಷಯ ಆಯಿತು ಸಾರ್, ಊರು ಕಟ್ಟಿದವರು ಯಾರು?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆ ನಾಚಿಕೆಯಿಂದ ಓದತೊಡಗಿದಾಗ ನನಗೆ ಎದುರಾದ ವ್ಯಕ್ತಿ ಅಲಿ ಸಾದಿಕಿನ್.

ಸಾದಿಕಿನ್ ಹುಟ್ಟಿದ್ದು 1926ರ ಜುಲೈ 7ರಂದು, ಪಶ್ಚಿಮ ಜಾವದ ಸುಮೆದಾಂಗ್‌ನಲ್ಲಿ. ಜಪಾನೀಯರ ಆಡಳಿತದಲ್ಲಿ ನಾವಿಕ ವಿದ್ಯೆ ಕಲಿತು, 1945ರಲ್ಲಿ ಸ್ವಾತಂತ್ರ್ಯ ಘೋಷಣೆಯಾದೊಡನೆ ಎಳೆಯ ಗಣರಾಜ್ಯದ ನೌಕಾದಳ ಸೇರಿ ಡಚ್ಚರ ವಿರುದ್ಧ ಕಾದಾಡಿದ. ನೌಕಾದಳದೊಳಗೇ ನೆಲದ ಮೇಲೆ ಹೋರಾಡುವ ಮೆರೀನ್ ಪಡೆಯನ್ನು ಕಟ್ಟಿದವರಲ್ಲಿ ಅವನೂ ಒಬ್ಬ. ಮುಂದೆ ಸುಕರ್ಣೋ ಅವರ ಮಂತ್ರಿಮಂಡಲದಲ್ಲಿ ಕಡಲ ಸಾರಿಗೆಯ ಮಂತ್ರಿಯೂ ಆದ. ಸೈನಿಕರು ದೇಶವನ್ನು ಕಾಯುವುದಲ್ಲದೆ ಆಳಲೂಬಹುದು ಎಂಬ ಸಿದ್ಧಾಂತ ಆಗ ಅಲ್ಲಿ ಬೇರೂರುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ‘ದ್ವಿಫುಂಗ್ಸಿ’. ‘ದ್ವಿ’ ಸಂಸ್ಕೃತದ್ದು, ‘ಫುಂಗ್ಸಿ’ ಡಚ್ಚರದು! ಎರಡು ಸಾಮ್ರಾಜ್ಯಗಳ ನೆನಪು ಒಂದೇ ಶಬ್ದದಲ್ಲಿ.

1966ರ ಏಪ್ರಿಲ್ 28ರಂದು ಸುಕರ್ಣೋ ಅವನನ್ನು ಜಕಾರ್ತದ ಗವರ್ನರನನ್ನಾಗಿ ನೇಮಿಸಿದರು. ಜಕಾರ್ತ ಬರಿಯ ನಗರವಲ್ಲ, ಒಂದು ಪ್ರಾಂತ್ಯದ ದರ್ಜೆಯುಳ್ಳದ್ದು. ಆ ಗಳಿಗೆ ಎಂಥದೆಂಬುದನ್ನು ಗಮನಿಸಬೇಕು. ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ 1965-66ರ ಕಗ್ಗೊಲೆಯ ರಕ್ತ ಇನ್ನೂ ಆರಿರಲಿಲ್ಲ. ಮಾರ್ಚ್ 11ರ ಆಜ್ಞಾಪತ್ರದಿಂದ ನಿಜವಾದ ಅಧಿಕಾರ ಸುಹಾರ್ತೋ ಕೈಗೆ ಜಾರಿಹೋಗಿತ್ತು. ಮುಳುಗುತ್ತಿದ್ದ ಅಧ್ಯಕ್ಷ ನೇಮಿಸಿದ ಗವರ್ನರ್ ಹೊಸ ದೊರೆಯ ಕೈಕೆಳಗೆ ಹನ್ನೊಂದು ವರ್ಷ ಉಳಿದದ್ದೇ ಒಂದು ವಿಸ್ಮಯ.

ಊರಾದರೋ ದೊಡ್ಡ ಹಳ್ಳಿಗಳ ಗುಂಪಿನಂತಿತ್ತು. ಸುಕರ್ಣೋ ಮಹಾಸ್ತಂಭವನ್ನೂ ಕ್ರೀಡಾಂಗಣವನ್ನೂ ಕಟ್ಟಿಸಿದ್ದರು ನಿಜ. ಆದರೆ ಅವುಗಳ ಬೆನ್ನಿಗೇ ‘ಕಂಪುಂಗ್’ ಎಂಬ ಒತ್ತೊತ್ತಾದ ಕೇರಿಗಳು, ಮಳೆ ಬಂದರೆ ಮೊಣಕಾಲುದ್ದ ಕೆಸರು. 1961ರಲ್ಲಿ 29 ಲಕ್ಷವಿದ್ದ ಜನಸಂಖ್ಯೆ 1971ರ ಹೊತ್ತಿಗೆ 45 ಲಕ್ಷವನ್ನು ಮೀರಿತು. ಬೊಕ್ಕಸದಲ್ಲಿದ್ದುದು 6 ಕೋಟಿ 60 ಲಕ್ಷ ರೂಪಾಯಿ. ಆ ದೇಶದ ಅಂದಿನ ಹಣದುಬ್ಬರದಲ್ಲಿ ಅದು ಏನೇನೂ ಅಲ್ಲ.

ಹಣಕ್ಕಾಗಿ ಅವನು ಹಿಡಿದ ದಾರಿಯೇ ಅವನ ಹೆಸರಿಗೆ ಅಂಟಿಕೊಂಡಿತು. 1957ರ ಕಾನೂನೊಂದು ಪ್ರಾಂತೀಯ ಸರಕಾರಗಳಿಗೆ ಜೂಜಿನ ಮೇಲೆ ತೆರಿಗೆ ಹಾಕುವ ಅವಕಾಶ ಕೊಟ್ಟಿತ್ತು. ಕದ್ದು ನಡೆಯುತ್ತಿದ್ದ ಜೂಜಿಗೆ 1967ರಲ್ಲಿ ಪರವಾನಗಿ ಕೊಟ್ಟು, ಲಾಟರಿಯನ್ನೂ ಜೂಜುಕಟ್ಟೆಗಳನ್ನೂ ನಡೆಯಗೊಟ್ಟು, ಬಂದ ತೆರಿಗೆಯನ್ನು ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ಸುರಿದ. ಸ್ವತಃ ಮುಸಲ್ಮಾನ, ಆಳುತ್ತಿದ್ದುದು ಮುಸಲ್ಮಾನರೇ ಬಹುಸಂಖ್ಯೆಯಲ್ಲಿರುವ ಊರನ್ನು. ಮುಲ್ಲಾಗಳು ಕೆರಳದೆ ಇರುತ್ತಾರೆಯೆ? ಜೂಜಿನ ಹಣ ಹರಾಮು ಎನ್ನುವವರು ಹೆಲಿಕಾಪ್ಟರ್ ಕೊಂಡುಕೊಳ್ಳುವುದು ಒಳ್ಳೆಯದು, ಏಕೆಂದರೆ ಜಕಾರ್ತದ ರಸ್ತೆಗಳೆಲ್ಲ ಆ ಹಣದವೇ ಎಂದು ಅವನು ಉತ್ತರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಮಾತು ಚುರುಕಾಗಿದೆ. ಆದರೆ ಕೇಳಿ ನಕ್ಕ ಮೇಲೆ ನನಗೆ ಕೊಂಚ ಇರುಸುಮುರುಸಾಯಿತು. ಜೂಜಿನಲ್ಲಿ ಸೋತು ಮನೆಗೆ ಹೋದವನ ಹೆಂಡತಿಮಕ್ಕಳಿಗೆ ಆ ರಸ್ತೆ ಎಷ್ಟರ ಮಟ್ಟಿಗೆ ಸಮಾಧಾನವಾದೀತು?

ಆದರೂ ಆ ಹಣದಿಂದ ನಡೆದ ಕೆಲಸವನ್ನು ಅಲ್ಲಗಳೆಯುವುದು ಅನ್ಯಾಯ. 1969ರಲ್ಲಿ ಆರಂಭವಾದ ಕಂಪುಂಗ್ ಸುಧಾರಣೆಯನ್ನೇ ನೋಡಿ. ಡಚ್ಚರ ಕಾಲದ ನಗರಸಭೆಯಲ್ಲಿ ಕೇರಿಗಳ ಪರವಾಗಿ ಗುಡುಗಿದ ಹುಸ್ನಿ ತಾಮ್ರಿನ್ ಎಂಬ ನಾಯಕನ ಹೆಸರನ್ನು ಅದಕ್ಕಿಟ್ಟರು. ಕೇರಿಗಳನ್ನು ಕೆಡವಿ ಬಹುಮಹಡಿ ಮನೆ ಕಟ್ಟುವ ಭ್ರಮೆಗೆ ಹೋಗಲಿಲ್ಲ. ಜನ ಇದ್ದಲ್ಲೇ ಇರಲಿ ಎಂದು ಬಿಟ್ಟು ಕಾಲುದಾರಿಗೆ ಕಾಂಕ್ರೀಟು, ಮಗ್ಗುಲಿಗೆ ಚರಂಡಿ, ಬೀದಿಗೆ ನಲ್ಲಿ, ಅಲ್ಲಲ್ಲಿ ಶಾಲೆ, ಚಿಕಿತ್ಸಾಲಯ ಇಷ್ಟನ್ನು ಒದಗಿಸಿದರು. ಬಾಗಿಲ ಮುಂದೆ ಕೆಸರು ಹೋದರೆ ಮನೆಯವನು ತಾನೇ ಗೋಡೆಗೆ ಸುಣ್ಣ ಬಳಿಯುತ್ತಾನೆ ಎಂಬ ಲೆಕ್ಕ. ಲೆಕ್ಕ ತಪ್ಪಲಿಲ್ಲ. 1974ರಿಂದ ವಿಶ್ವಬ್ಯಾಂಕು ಸಾಲ ಕೊಟ್ಟಿತು. 1980ರಲ್ಲಿ ಈ ಯೋಜನೆಗೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಜನ ಗವರ್ನರನನ್ನು ‘ಬಂಗ್ ಅಲಿ’ ಎಂದು ಕರೆದರು. ಜಕಾರ್ತದ ಆಡುಮಾತಿನಲ್ಲಿ ಬಂಗ್ ಎಂದರೆ ಅಣ್ಣ. ನಮ್ಮ ಬಾಯಲ್ಲಿ ಅಲಿಯಣ್ಣ.

ಈ ಅಣ್ಣನ ಕೈ ಮಾತ್ರ ಸಿಪಾಯಿಯದೇ. ನಿಯಮ ಮುರಿದ ಬಸ್ ಚಾಲಕರ ಕಪಾಳಕ್ಕೆ ನಡುಬೀದಿಯಲ್ಲೇ ಬಾರಿಸಿದ್ದುಂಟು. 1970ರಲ್ಲಿ ಜಕಾರ್ತ ಇನ್ನು ‘ಮುಚ್ಚಿದ ನಗರ’ ಎಂದು ಸಾರಿದ. ಕೆಲಸ, ಮನೆ ಇಲ್ಲದೆ ಬಂದವರು ತಮ್ಮೂರಿಗೆ ಮರಳುವ ಖರ್ಚನ್ನು ಮೊದಲೇ ಠೇವಣಿ ಇಡಬೇಕು! ಹಳ್ಳಿಯಿಂದ ಹೊಟ್ಟೆಪಾಡಿಗೆ ಬಂದು ‘ಬೆಚಕ್’ ಎಂಬ ಸೈಕಲ್ ರಿಕ್ಷಾ ತುಳಿಯುತ್ತಿದ್ದವರನ್ನು ದೊಡ್ಡ ರಸ್ತೆಗಳಿಂದ ಅಟ್ಟಿದ. ಬೀದಿ ವ್ಯಾಪಾರಿಗಳ ಗಾಡಿಗಳನ್ನು ಎತ್ತಿಸಿದ. ಹಳ್ಳಿಗರು ಬರುವುದೇನೂ ನಿಲ್ಲಲಿಲ್ಲ. ಕೇರಿಯ ಬಡವನಿಗೆ ದಾರಿ ಹಾಕಿಸಿದ ಕೈಯೇ ಬೀದಿಯ ಬಡವನನ್ನು ತಳ್ಳಿತು.

ಇಷ್ಟೇ ಆಗಿದ್ದರೆ ಅಲಿಯಣ್ಣ ಒಬ್ಬ ದಕ್ಷ ದಂಡನಾಯಕ ಎಂದು ಹೇಳಿ ಮುಗಿಸುತ್ತಿದ್ದೆ. ಆದರೆ ಅವನು ಇನ್ನೆರಡು ಕೆಲಸ ಮಾಡಿದ. ಚಿಕಿನಿಯಲ್ಲಿದ್ದ ಹಳೆಯ ಮೃಗಾಲಯದ ಜಾಗದಲ್ಲಿ 1968ರ ನವೆಂಬರ್ 10ರಂದು ‘ತಾಮಾನ್ ಇಸ್ಮಾಯಿಲ್ ಮರ್ಜೂಕಿ’ ಎಂಬ ಕಲಾಕೇಂದ್ರವನ್ನು ತೆರೆದ. ಹಣ ಸರಕಾರದ್ದು, ಅಲ್ಲಿ ಏನು ಆಡಬೇಕು, ಏನು ಓದಬೇಕು ಎಂಬ ತೀರ್ಮಾನ ಕಲಾವಿದರ ಮಂಡಲಿಯದು. ಎರಡನೆಯದು ಇನ್ನೂ ವಿಚಿತ್ರ. 1970ರಲ್ಲಿ ವಕೀಲ ಅದ್ನಾನ್ ಬುಯುಂಗ್ ನಸುತಿಯನ್ ಬಡವರಿಗಾಗಿ ನ್ಯಾಯ ನೆರವಿನ ಸಂಸ್ಥೆಯನ್ನು ಸ್ಥಾಪಿಸಿದಾಗ ನಗರದ ಬೊಕ್ಕಸದಿಂದ ಅದಕ್ಕೆ ಸಹಾಯಧನ ಕೊಟ್ಟ. ಸರಕಾರ ಎಬ್ಬಿಸಿದ ನಿವಾಸಿಗಳ ಪರವಾಗಿ ಆ ಸಂಸ್ಥೆ ನಿಂತದ್ದು ಅವನ ಆಡಳಿತಕ್ಕೇ ಎದುರಾಗಿ. ಆದರೂ ಸಹಾಯಧನ ನಿಲ್ಲಿಸಲಿಲ್ಲ. ತನ್ನ ಮೇಲೆ ದಾವೆ ಹೂಡುವವನಿಗೆ ತಾನೇ ಸಂಬಳ ಕೊಟ್ಟ ಅಧಿಕಾರಿಗಳು ಚರಿತ್ರೆಯಲ್ಲಿ ಎಷ್ಟು ಜನ ಸಿಕ್ಕಾರು! 1971ರಲ್ಲಿ ಅವನಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಪ್ಪತ್ತು ವರ್ಷಗಳ ಮೇಲೆ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರಿಗೆ ಬಂದದ್ದೂ ಅದೇ ಪ್ರಶಸ್ತಿ.

1977ರ ಚುನಾವಣೆಯಲ್ಲಿ ಸುಹಾರ್ತೋ ಅವರ ಗೋಲ್ಕಾರ್ ಪಕ್ಷ ಜಕಾರ್ತದಲ್ಲಿ ಮುಸ್ಲಿಂ ಪಕ್ಷದೆದುರು ಸೋತಿತು. ಅದೇ ವರ್ಷ ಅಲಿಯಣ್ಣ ಗವರ್ನರ್ ಪದವಿಯಿಂದ ಇಳಿದ.

ನನಗೆ ಅವನ ಬಾಳಿನ ಮುಖ್ಯ ಅಧ್ಯಾಯವೆನಿಸುವುದು ಆಮೇಲಿನದು. 1980ರಲ್ಲಿ ಸುಹಾರ್ತೋ ಎರಡು ಭಾಷಣಗಳಲ್ಲಿ ತನ್ನನ್ನು ಟೀಕಿಸುವುದೂ ಪಂಚಶೀಲವನ್ನು, ಎಂದರೆ ಅಲ್ಲಿನ ರಾಷ್ಟ್ರತತ್ತ್ವವನ್ನು, ವಿರೋಧಿಸುವುದೂ ಒಂದೇ ಎಂಬಂತೆ ಮಾತನಾಡಿದಾಗ, ಐವತ್ತು ಜನ ಹಿರಿಯರು ಮೇ 5ರಂದು ಪ್ರತಿಭಟನೆಯ ಮನವಿಗೆ ಸಹಿ ಹಾಕಿದರು. ಅವರಲ್ಲಿ ಜನರಲ್ ನಸುತಿಯನ್ ಇದ್ದರು, ಮಾಜಿ ಪ್ರಧಾನಿ ನತ್ಸೀರ್ ಇದ್ದರು, ಅಲಿ ಸಾದಿಕಿನ್ ಇದ್ದ. ಸಹಿ ಮಾಡಿದವರು ವಿದೇಶಕ್ಕೆ ಹೋಗುವಂತಿಲ್ಲ, ಬ್ಯಾಂಕಿನ ಸಾಲ ಸಿಗುವುದಿಲ್ಲ, ಪತ್ರಿಕೆಗಳು ಅವರ ಹೆಸರೆತ್ತುವಂತಿಲ್ಲ. ಅವನ ಮನೆಯೇ ಗುಂಪಿನ ಕೂಟಸ್ಥಾನವಾಯಿತು. ಅದಿದ್ದ ಬೀದಿಯ ಹೆಸರು ಬೊರೊಬುದುರ್! ಜೂಜಿಗೆ ಪರವಾನಗಿ ಕೊಟ್ಟವನೂ ಜೂಜನ್ನು ಪಾಪವೆಂದು ನಂಬಿದ ನತ್ಸೀರರಂಥ ಧರ್ಮಿಷ್ಠರೂ ಈಗ ಒಂದೇ ಪಂಕ್ತಿಯವರು. ಹನ್ನೊಂದು ವರ್ಷ ಆಜ್ಞೆ ಮಾಡಿದವನು ಹದಿನೆಂಟು ವರ್ಷ ಅರ್ಜಿ ಬರೆಯುತ್ತ, ಅವಕ್ಕೆ ಉತ್ತರವಿಲ್ಲದೆ ಕಳೆದ. ಬೆಚಕ್ ತುಳಿಯುವವನ ಅಹವಾಲನ್ನು ತಾನು ಹೇಗೆ ಕೇಳಿದ್ದೆ ಎಂದು ಆ ದಿನಗಳಲ್ಲಿ ಒಮ್ಮೆಯಾದರೂ ನೆನೆದನೋ ಏನೋ.

ಜೂಜುಕಟ್ಟೆಗಳು 1981ರ ಹೊತ್ತಿಗೆ ಕಾನೂನಿನಂತೆ ಮುಚ್ಚಿದುವು. 1998ರಲ್ಲಿ ಸುಹಾರ್ತೋ ಬಿದ್ದಾಗ ಅಲಿಯಣ್ಣನಿಗೆ ಎಪ್ಪತ್ತು ದಾಟಿತ್ತು. 2008ರ ಮೇ 20ರಂದು, ಇಂಡೊನೇಷ್ಯ ತನ್ನ ರಾಷ್ಟ್ರೀಯ ಜಾಗೃತಿಯ ಶತಮಾನೋತ್ಸವ ಆಚರಿಸುತ್ತಿದ್ದ ದಿನವೇ, ಅವನು ಸಿಂಗಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡ. ಶವವನ್ನು ಜಕಾರ್ತಕ್ಕೆ ತಂದು ತಾನಾ ಕುಸಿರ್ ಸ್ಮಶಾನದಲ್ಲಿ ಮಣ್ಣು ಮಾಡಿದರು.