ನಡುಮನೆಯಿಂದ ಗೋಡೆಯ ಕೊಕ್ಕೆಗೆ: ಹೊನ್ನಾಳಿ ಸೀಮೆಯ ಮನೆಗಳಲ್ಲಿ ಸೈಕಲ್ಲಿನ ಜಾಗ

28 ಇಂಚಿನ ಗಾಲಿಯ ಹಳೆಯ ಕರಿ ಸೈಕಲ್ಲಿನ ಉದ್ದ ಸುಮಾರು ಆರು ಅಡಿ, ಹ್ಯಾಂಡಲ್ಲಿನ ಅಗಲ ಸುಮಾರು ಎರಡು ಅಡಿ, ತೂಕ 20 ಕಿಲೊ ಆಚೀಚೆ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಒಬ್ಬರು ಚಾಪೆ ಹಾಸಿ ಮಲಗುವಷ್ಟು ನೆಲ ಅದಕ್ಕೆ ಬೇಕು. ಈ ಚಾಪೆಯಷ್ಟು ನೆಲವನ್ನು ಮನೆಯ ಯಾವ ಭಾಗದಲ್ಲಿ ಬಿಟ್ಟುಕೊಡಬೇಕು ಎಂಬುದಕ್ಕೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಕಡೆಯ ಮನೆಗಳು ಒಂದೊಂದು ಕಾಲಕ್ಕೆ ಒಂದೊಂದು ಉತ್ತರ ಕೊಟ್ಟಿವೆ. ಮೊದಲು ನಡುಮನೆ, ಆಮೇಲೆ ಪಡಸಾಲೆ ಮತ್ತು ಜಗಲಿ, ಆಮೇಲೆ ದನ ಖಾಲಿಯಾದ ಕೊಟ್ಟಿಗೆ, ಈಗ ಕಾರ್ ಶೆಡ್ಡಿನ ಗೋಡೆ.

ಈ ನಾಲ್ಕೂ ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಯಲ್ಲಿವೆ. 1997ರಲ್ಲಿ ಆ ಜಿಲ್ಲೆ ಆಗುವ ಮೊದಲು ಹೊನ್ನಾಳಿ, ಅದರೊಳಗೇ ಇದ್ದ ನ್ಯಾಮತಿ ಮತ್ತು ಚನ್ನಗಿರಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಹವೆಯೂ ಹಾಗೆಯೇ ಹಂಚಿಹೋಗಿದೆ. ಪಶ್ಚಿಮದ ಅಂಚು ಅರೆಮಲೆನಾಡು, ಅಲ್ಲಿ ಇಳಿಜಾರು ಸೂರಿನ ಹಂಚಿನ ಮನೆ. ಜಗಳೂರು ಬರದ ಸೀಮೆ, ಅಲ್ಲಿ ಮಣ್ಣು ಹಾಕಿ ಗಟ್ಟಿಸಿದ ಮಾಳಿಗೆ ಮನೆ. ಎರಡರ ಅಳತೆಗೂ ಅಂಕಣವೇ ಮಾನ. ಕಂಬದಿಂದ ಕಂಬದ ನಡುವಿನ ಜಾಗ ಒಂದು ಅಂಕಣ, ಮನೆ ಎಷ್ಟು ಅಂಕಣದ್ದು ಎಂದು ಕೇಳಿದರೆ ಮನೆತನದ ಸ್ಥಿತಿಗತಿಯೇ ತಿಳಿಯುತ್ತಿತ್ತು. ತಲೆಬಾಗಿಲು ದಾಟಿದೊಡನೆ ಒಂದು ಕಡೆ ತಗ್ಗಿನಲ್ಲಿ ದನ ಕಟ್ಟುವ ಅಂಕಣ, ಇನ್ನೊಂದು ಕಡೆ ಎತ್ತರದಲ್ಲಿ ಜನ ಕೂರುವ ಪಡಸಾಲೆ, ಅದರಾಚೆ ನಡುಮನೆ. ಬೇಸಾಯದ ಮನೆಯ ಸಾಮಾನ್ಯ ನಕ್ಷೆ ಇದು.

ಇಂಥ ಮನೆಯಲ್ಲಿ ನೆಲ ತುಟ್ಟಿ. ಸುಗ್ಗಿಯಲ್ಲಿ ಚೀಲಗಳು, ರಾತ್ರಿ ಮಲಗುವ ಹತ್ತಾರು ಜನ, ಹಗಲು ಬೀಸುವ ಕುಟ್ಟುವ ಕೆಲಸ, ಎಲ್ಲವೂ ನೆಲದ ಮೇಲೆಯೇ. ಆದ್ದರಿಂದ ಉಳಿದದ್ದೆಲ್ಲ ಮೇಲಕ್ಕೆ ಹೋಗುತ್ತಿತ್ತು. ಮಿಣಿ, ಹಗ್ಗ, ಬಾರುಕೋಲು ಗೋಡೆಯ ಗೂಟಕ್ಕೆ. ಹಾಲು ಮೊಸರಿನ ಗಡಿಗೆ ತೊಲೆಯಿಂದ ಇಳಿಬಿಟ್ಟ ನೆಲುವಿಗೆ. ವರ್ಷಕ್ಕೊಮ್ಮೆ ಬೇಕಾಗುವ ಸಾಮಾನು ಅಟ್ಟಕ್ಕೆ. ಜಾಗ ಉಳಿಸಲು ಸಾಮಾನನ್ನು ಗೋಡೆಗೆ ನೇತುಹಾಕುವುದು ಇತ್ತೀಚಿನ ಯಾವುದೋ ಅಂಗಡಿ ಕಲಿಸಿದ ಉಪಾಯ ಎಂದು ತಿಳಿಯುವವರು ಈ ಗೂಟಗಳನ್ನು ನೋಡಬೇಕು. ಇದರ ಹಿಂದೆ ಯಾರೂ ಬರೆದಿಡದ ಒಂದು ನಿಯಮವಿತ್ತು: ದಿನವೂ ಕೈಗೆ ಬೇಕಾದದ್ದು ನೆಲಕ್ಕೆ ಹತ್ತಿರ, ಅಪರೂಪಕ್ಕೆ ಬೇಕಾದದ್ದು ಎತ್ತರಕ್ಕೆ. ಸೈಕಲ್ಲಿನ ಚರಿತ್ರೆಯೂ ಇದೇ ನಿಯಮಕ್ಕೆ ಒಳಪಟ್ಟು ನಡೆಯಿತು.

ಇಂದಿನ ರೂಪದ ಸೈಕಲ್ಲು, ಎಂದರೆ ಎರಡೂ ಗಾಲಿ ಸಮನಾಗಿದ್ದು ಹಿಂದಿನ ಗಾಲಿಗೆ ಚೈನು ಕೊಟ್ಟದ್ದು, ಇಂಗ್ಲೆಂಡಿನಲ್ಲಿ 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಮಾದರಿಯಿಂದ ನೆಲೆಗೊಂಡಿತು. ಗಾಳಿ ತುಂಬಿದ ಟೈರು 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್‌ನಿಂದ ಬಂತು. ಮೈಸೂರು ಸಂಸ್ಥಾನದ ಒಳನಾಡಿಗೆ ಬಂದದ್ದು ಬ್ರಿಟನ್ನಿನ ರ್‍ಯಾಲಿ, ಬಿಎಸ್‌ಎ, ಹರ್ಕ್ಯುಲಿಸ್ ಸೈಕಲ್ಲುಗಳು. ಬೆಲೆ ಸಾಮಾನ್ಯರ ಕೈಗೆಟುಕದ್ದು. ಎರಡನೆಯ ಮಹಾಯುದ್ಧದಲ್ಲಿ ಮಲಯಾದ ರಬ್ಬರು ತೋಟಗಳು 1942ರ ಹೊತ್ತಿಗೆ ಜಪಾನಿನ ಕೈಸೇರಿದ ಮೇಲೆ ಟೈರು ಟ್ಯೂಬೂ ದುರ್ಲಭವಾದವು. ಹಳ್ಳಿಯಲ್ಲಿ ಒಂದೋ ಎರಡೋ ಸೈಕಲ್ಲಿದ್ದ ಕಾಲವದು; ಇದ್ದದ್ದು ಮೇಷ್ಟ್ರ ಮನೆಯಲ್ಲಿ, ಶಾನುಭೋಗರ ಮನೆಯಲ್ಲಿ, ದೊಡ್ಡ ಹಿಡುವಳಿದಾರರ ಮನೆಯಲ್ಲಿ.

ಅಂಥ ವಸ್ತುವಿಗೆ ನಡುಮನೆಯೇ ಜಾಗ. ಕಳ್ಳರ ಭಯ ಒಂದು ಕಾರಣ, ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂಬುದು ಇನ್ನೊಂದು. ಕೊಟ್ಟಿಗೆಯಲ್ಲಿ ನಿಲ್ಲಿಸದಿರಲು ಮಾತ್ರ ಅಪ್ಪಟ ವ್ಯಾವಹಾರಿಕ ಕಾರಣವಿತ್ತು. ಗಂಜಲದ ತೇವಕ್ಕೆ ರಿಮ್ಮಿನ ಹೊಳಪು ಹೋಗಿ ಕಡ್ಡಿಗಳು ತುಕ್ಕು ಹಿಡಿಯುತ್ತವೆ, ಹೊಟ್ಟು ಹುಲ್ಲಿನ ಧೂಳು ಚೈನಿನ ಎಣ್ಣೆಗೆ ಮೆತ್ತಿಕೊಳ್ಳುತ್ತದೆ, ದನ ಒದ್ದರೆ ಗಾಲಿ ಸೊಟ್ಟ. ಹೀಗಾಗಿ ಎತ್ತು ತಗ್ಗಿನಲ್ಲಿ, ಸೈಕಲ್ಲು ಎತ್ತರದಲ್ಲಿ. ಇಡೀ ಮನೆಗೆ ಅನ್ನ ಹಾಕುತ್ತಿದ್ದದ್ದು ಎತ್ತು ಎಂಬುದನ್ನು ನೆನೆದರೆ ಇದು ಸ್ವಲ್ಪ ತಮಾಷೆಯ ಸಂಗತಿಯೇ. ಮದುವೆಯಲ್ಲಿ ಅಳಿಯನಿಗೆ ಕೈಗಡಿಯಾರ, ರೇಡಿಯೊ, ಸೈಕಲ್ಲು ಕೊಡುವ ವಾಡಿಕೆ ಬಂದ ಮೇಲೆ ಅದರ ಗೌರವ ಇನ್ನೂ ಹೆಚ್ಚಿತು. ಆಯುಧಪೂಜೆಯ ದಿನ ನೇಗಿಲು ಕುಂಟೆಗಳ ಸಾಲಿನಲ್ಲೇ ಸೈಕಲ್ಲನ್ನೂ ತೊಳೆದು ನಿಲ್ಲಿಸಿ, ಹ್ಯಾಂಡಲ್ಲಿಗೆ ವಿಭೂತಿ ಬಳಿದು ಚೆಂಡುಹೂವಿನ ಸರ ಹಾಕುತ್ತಿದ್ದರು.

ಸರ್ಕಾರಕ್ಕೂ ಅದು ಗಣ್ಯ ವಸ್ತುವೇ. ಪುರಸಭೆ, ಪಂಚಾಯಿತಿಗಳು ಸೈಕಲ್ಲಿಗೆ ವರ್ಷದ ತೆರಿಗೆ ಹಾಕಿ, ಕಟ್ಟಿದ್ದಕ್ಕೆ ಗುರುತಾಗಿ ಲೋಹದ ಬಿಲ್ಲೆ ಕೊಡುತ್ತಿದ್ದವು. ಪೇಟೆಯಲ್ಲಿ ದೀಪವಿಲ್ಲದೆ ರಾತ್ರಿ ಹೊರಟರೂ, ಇಬ್ಬರು ಕುಳಿತು ಹೊರಟರೂ ದಂಡ. ಬಿಲ್ಲೆ ಇಲ್ಲದ ಸೈಕಲ್ಲು ಬೀದಿಯ ಜಗಲಿಯ ಮೇಲೆ ನಿಲ್ಲುವುದು ಕ್ಷೇಮವಲ್ಲ. ಒಳಗಿಡಲು ಇದೂ ಒಂದು ಸಣ್ಣ ನೆಪ.

ಮನೆಯಲ್ಲಿ ಸೈಕಲ್ಲಿಲ್ಲದವರಿಗೆ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಗಂಟೆಯ ಲೆಕ್ಕದಲ್ಲಿ ಬಾಡಿಗೆ, ಪುಸ್ತಕದಲ್ಲಿ ಹೆಸರು ಮತ್ತು ಹೊರಟ ಹೊತ್ತು. ಊರಿನ ಅರ್ಧ ಹುಡುಗರು ಅಡ್ಡಪಟ್ಟಿಯ ಕೆಳಗಿಂದ ಕಾಲು ತೂರಿಸಿ ಪೆಡಲ್ ತುಳಿಯಲು ಕಲಿತದ್ದು ಈ ಬಾಡಿಗೆ ಸೈಕಲ್ಲುಗಳ ಮೇಲೆಯೇ. ಸೈಕಲ್ಲನ್ನು ನೆಲದಿಂದ ಮೇಲಕ್ಕೆತ್ತಿ ನೇತುಹಾಕುವುದನ್ನು ಜನ ಮೊದಲು ಕಂಡದ್ದೂ ಇಂಥ ಅಂಗಡಿಗಳಲ್ಲಿ. ರಿಪೇರಿಯವನು ತೊಲೆಗೋ ಮುಂದಿನ ಮರದ ಕೊಂಬೆಗೋ ಸರಪಳಿ ಕಟ್ಟಿ, ಕೊಕ್ಕೆಯಿಂದ ಸೈಕಲ್ಲನ್ನು ಎತ್ತಿ ನಿಲ್ಲಿಸಿ ಗಾಲಿಯ ಸೊಟ್ಟ ತೆಗೆಯುತ್ತಿದ್ದ. ಹಳೆಯ ಟೈರುಗಳು ಗೋಡೆಯ ಮೊಳೆಯಲ್ಲಿ ಸಾಲಾಗಿ ನೇತಾಡುತ್ತಿದ್ದವು, ಬೇರೆ ಬೋರ್ಡೇ ಬೇಕಿರಲಿಲ್ಲ. ಬಸ್ ನಿಲ್ದಾಣದ, ಟಾಕೀಸಿನ ಸೈಕಲ್ ಸ್ಟ್ಯಾಂಡುಗಳ ಉಪಾಯ ಬೇರೆ ಬಗೆಯದು. ಹ್ಯಾಂಡಲ್ಲಿಗೆ ಹ್ಯಾಂಡಲ್ ಸಿಕ್ಕಿಸಿ, ಪೆಡಲ್ಲುಗಳನ್ನು ಓರೆಯಾಗಿಸಿ, ಎರಡಡಿಯ ಸೈಕಲ್ಲನ್ನು ಒಂದಡಿಯಲ್ಲಿ ಅಡಕುವುದು. ಒಂದನ್ನು ಎಳೆದರೆ ಹತ್ತು ಉರುಳುತ್ತಿದ್ದವು, ಆದರೂ ಜಾಗ ಉಳಿಯುತ್ತಿತ್ತು.

ಸ್ವಾತಂತ್ರ್ಯದ ನಂತರ ಸೈಕಲ್ಲು ದೇಶದಲ್ಲೇ ಹೇರಳವಾಗಿ ತಯಾರಾಗತೊಡಗಿತು. ಮದ್ರಾಸಿನ ಅಂಬತ್ತೂರಿನ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೊ 1956ರಲ್ಲಿ ಶುರುವಾದವು. ಅದೇ ದಶಕಗಳಲ್ಲಿ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು, ಕಾಲುವೆಯ ನೀರು ಚನ್ನಗಿರಿ, ಹೊನ್ನಾಳಿಯ ಬಯಲಿಗೆ ಹರಿಯಿತು. ಭತ್ತದ ದುಡ್ಡು ಕೈಗೆ ಬಂದ ಮನೆಗಳಲ್ಲಿ ಸೈಕಲ್ಲು ಒಂದಿದ್ದದ್ದು ಎರಡಾಯಿತು. ಹೊನ್ನಾಳಿ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ. ಶಿವಮೊಗ್ಗ–ಹರಿಹರ ರಸ್ತೆಯ ಬಸ್ಸೇ ಗತಿ. ಆ ರಸ್ತೆಯವರೆಗೆ ಹಳ್ಳಿಯಿಂದ ಬರಲು, ಗದ್ದೆಯ ನೀರು ಕಟ್ಟಲು, ಹಾಲಿನ ಕ್ಯಾನು ಡೇರಿಗೆ ಮುಟ್ಟಿಸಲು ಸೈಕಲ್ಲೇ ಬೇಕಾಯಿತು. ಹಾಲಿನ ಕ್ಯಾನು ನೇತಾಡುವ, ಕ್ಯಾರಿಯರಿನಲ್ಲಿ ಹುಲ್ಲಿನ ಹೊರೆ ಕೂರುವ ಸೈಕಲ್ಲಿಗೆ ನಡುಮನೆಯ ಮರ್ಯಾದೆ ಉಳಿಯುವುದು ಕಷ್ಟ. ಅದು ಮೊದಲು ಪಡಸಾಲೆಗೆ, ಬಳಿಕ ಹೊರಜಗಲಿಗೆ ಇಳಿಯಿತು. ರಾತ್ರಿ ಕಂಬಕ್ಕೆ ಸರಪಳಿ ಬಿಗಿದು ಬೀಗ ಹಾಕಿದರೆ ಆಯಿತು.

1980ರಲ್ಲಿ ಟಿವಿಎಸ್ 50, 1985ರಲ್ಲಿ ಹೀರೊ ಹೋಂಡಾದ ಸಿಡಿ 100 ಬಂದವು. ರೈತನ ಹುಲ್ಲಿನ ಹೊರೆ, ಹಾಲಿನ ಕ್ಯಾನು ನಿಧಾನಕ್ಕೆ ಮೊಪೆಡ್ಡಿನ ಮೇಲೆ ಹತ್ತಿದವು. ಅದೇ ಹೊತ್ತಿಗೆ ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾಗುತ್ತ ಹೋದವು. ತಗ್ಗಿನ ಅಂಕಣಕ್ಕೆ ಸಿಮೆಂಟು ಬಳಿದು, ಗೋದಲಿ ಒಡೆದು ತೆಗೆದು, ಅಲ್ಲಿ ಮೋಟರ್ ಬೈಕು ನಿಲ್ಲಿಸಿದರು. ಬೈಕಿನ ಹಿಂದೆ, ಗೋಡೆಗೆ ಒರಗಿಸಿ, ಸೈಕಲ್ಲು. ಒಂದು ಕಾಲಕ್ಕೆ ಗಂಜಲದ ಭಯದಿಂದ ಯಾವ ಕೊಟ್ಟಿಗೆಯಿಂದ ಅದನ್ನು ದೂರವಿಟ್ಟಿದ್ದರೋ, ದನ ಹೋದ ಮೇಲೆ ಅಲ್ಲಿಗೇ ಅದು ಬಂದು ಸೇರಿತು.

ಸೈಕಲ್ಲೇನೂ ಅಳಿದುಹೋಗಲಿಲ್ಲ. 2001ರ ಜನಗಣತಿಯಲ್ಲಿ ದೇಶದ ಶೇ. 43.7 ಮನೆಗಳಲ್ಲಿ ಸೈಕಲ್ಲಿತ್ತು, 2011ರಲ್ಲಿ ಶೇ. 44.8 ಮನೆಗಳಲ್ಲಿ. ಮೋಟರ್ ಬೈಕುಗಳು ಹೆಚ್ಚಿದ ದಶಕದಲ್ಲೂ ಅಂಕಿ ಬೀಳಲಿಲ್ಲ. ಕರ್ನಾಟಕದಲ್ಲಿ ಅದಕ್ಕೆ ಹೊಸ ಬಲ ಕೊಟ್ಟದ್ದು ಶಾಲೆಯ ಸೈಕಲ್ಲು. ಹೊನ್ನಾಳಿಗೆ ಹೊಂದಿಕೊಂಡ ಶಿಕಾರಿಪುರದ ಶಾಸಕರಾಗಿದ್ದ ಬಿ.ಎಸ್. ಯಡಿಯೂರಪ್ಪ ಹಣಕಾಸು ಸಚಿವರಾಗಿದ್ದಾಗ, 2006–07ರಲ್ಲಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಕೋವಿಡ್ ಕಾಲದಲ್ಲಿ, 2020–21ರಿಂದ, ಹಂಚಿಕೆ ನಿಂತಿತು. ನಡುವಿನ ಆ ವರ್ಷಗಳಲ್ಲಿ ಅಕ್ಕ, ತಂಗಿ, ತಮ್ಮ ಸಾಲಾಗಿ ಎಂಟನೇ ತರಗತಿ ಮುಟ್ಟಿದ ಮನೆಗೆ ಮೂರು ಸೈಕಲ್ ಬಂದದ್ದುಂಟು. ಹತ್ತನೇ ತರಗತಿ ಮುಗಿದು ಮಕ್ಕಳು ಬಸ್ಸಿನಲ್ಲಿ ಕಾಲೇಜಿಗೆ ಹೊರಟರೆ ಆ ಮೂರೂ ಮನೆಯಲ್ಲೇ. ಸೈಕಲ್ಲಿಗೆ ಜಾಗ ಸಾಲದು ಎಂಬುದು ನಿಜವಾದ ತೊಂದರೆಯಾದದ್ದು ಆಗಲೇ. ಅಲ್ಲಿಯವರೆಗೆ ಇದ್ದದ್ದು ಎಲ್ಲಿ ಇಟ್ಟರೆ ಚೆನ್ನ ಎಂಬ ಪ್ರಶ್ನೆಯಷ್ಟೆ.

ಮನೆಯೂ ಅಷ್ಟರಲ್ಲಿ ಬದಲಾಗಿತ್ತು. ಅಂಕಣದ ಲೆಕ್ಕ ಹೋಗಿ ಸೈಟಿನ ಲೆಕ್ಕ ಬಂದಿತ್ತು. 30×40 ಅಡಿಯ ನಿವೇಶನದಲ್ಲಿ ಆರ್‌ಸಿಸಿ ಮನೆ, ಮುಂದೆ ಪೋರ್ಟಿಕೊ ಅಥವಾ ಶಟರ್ ಹಾಕಿದ ಶೆಡ್ಡು. ಸಣ್ಣ ಕಾರೆಂದರೂ ಉದ್ದ ಹದಿಮೂರು ಅಡಿಗೆ ಹತ್ತಿರ. ಕಾರು ಒಳಗೆ ಬಂದ ಮೇಲೆ ಬಾಗಿಲು ತೆರೆದು ಇಳಿಯಲು ಜಾಗ ಬಿಟ್ಟರೆ ಪಕ್ಕದಲ್ಲಿ ಉಳಿಯುವುದು ಒಂದೆರಡು ಅಡಿ. ಅಡಿಕೆ ಬೆಳೆದ ಮನೆಯಾದರೆ ಕೊಯ್ಲಿನ ತಿಂಗಳುಗಳಲ್ಲಿ ಆ ಜಾಗವೂ ಚೀಲಗಳ ಪಾಲು. ಆದರೆ ಕಾರಿನ ಬಾನೆಟ್ಟಿನ ಎತ್ತರ ಮೂರಡಿ, ಸೂರು ಹತ್ತಡಿ. ಬಾನೆಟ್ಟಿನ ಮೇಲಿನ ಗೋಡೆ ಪೂರ್ತಿ ಖಾಲಿ. ಹಳೆಯ ಗೂಟದ ಬುದ್ಧಿ ಅಲ್ಲಿ ಮತ್ತೆ ಕೆಲಸಕ್ಕೆ ಬಂತು.

ನೇತುಹಾಕುವುದರಲ್ಲಿ ಮೂರು ರೀತಿಗಳಿವೆ. ಮುಂದಿನ ಗಾಲಿಯನ್ನು ಒಂದೇ ಕೊಕ್ಕೆಗೆ ಸಿಕ್ಕಿಸಿ ಸೈಕಲ್ಲನ್ನು ನೆಟ್ಟಗೆ ಇಳಿಬಿಟ್ಟರೆ ಗೋಡೆಯ ಅಗಲ ಎರಡೇ ಅಡಿ ಸಾಕು, ಆದರೆ ಅದು ಮೂರೂವರೆ ಅಡಿ ಮುಂದಕ್ಕೆ ಚಾಚುತ್ತದೆ. ಅಡ್ಡಪಟ್ಟಿಯನ್ನು ಎರಡು ಚಾಚುಗಳ ಮೇಲೆ ಕೂರಿಸಿ ಗೋಡೆಗೆ ಸಮಾನಾಂತರವಾಗಿ ಇಟ್ಟರೆ ಆರಡಿ ಗೋಡೆ ಬೇಕು, ಚಾಚುವುದು ಹ್ಯಾಂಡಲ್ಲಿನಷ್ಟೇ. ಹ್ಯಾಂಡಲ್ಲಿನ ಬೋಲ್ಟು ಸಡಿಲಿಸಿ ತಿರುಗಿಸಿದರೆ ಅದೂ ಅರ್ಧವಾಗುತ್ತದೆ. ಕಾರಿನ ಮೂತಿಯ ಮೇಲೆ ಒಗ್ಗುವುದು ಈ ಎರಡನೆಯದೇ. ಅಡ್ಡಪಟ್ಟಿ ಇಲ್ಲದ ಹೆಣ್ಣುಮಕ್ಕಳ ಸೈಕಲ್ಲು ಮಾತ್ರ ಹೀಗೆ ಕೂರುವುದಿಲ್ಲ, ಅದಕ್ಕೆ ಮೊದಲ ರೀತಿಯೇ ಗತಿ. ಮೂರನೆಯದು ಸೂರಿಗೆ ರಾಟೆ ಕಟ್ಟಿ ಹಗ್ಗದಿಂದ ಮೇಲಕ್ಕೆಳೆಯುವುದು, ಬಾವಿಯಿಂದ ಕೊಡ ಸೇದಿದ ಹಾಗೆ. ಎರಡು ಮೂರು ಸೈಕಲ್ಲುಗಳನ್ನು ಮೊದಲ ರೀತಿಯಲ್ಲಿ ಪಕ್ಕಪಕ್ಕ ಹಾಕುವಾಗ ಕೊಕ್ಕೆಗಳನ್ನು ಒಂದಕ್ಕೊಂದು ಒಂದಡಿ ಮೇಲೆ ಕೆಳಗೆ ಮಾಡಿದರೆ ಹ್ಯಾಂಡಲ್ಲುಗಳು ತಾಕುವುದಿಲ್ಲ, ಒಂದೂವರೆ ಅಡಿ ಅಂತರದಲ್ಲೇ ಕೂರುತ್ತವೆ. ಸೈಕಲ್ ಸ್ಟ್ಯಾಂಡಿನವರ ಅಡಕುವ ಲೆಕ್ಕವನ್ನೇ ಗೋಡೆಯ ಮೇಲೆ ನಿಲ್ಲಿಸಿದಂತೆ ಇದು.

ಭಾರದ ವಿಷಯದಲ್ಲಿ ಗೋಡೆ ನೋಡಿಕೊಳ್ಳಬೇಕು. ಗಟ್ಟಿ ಇಟ್ಟಿಗೆಗೋ ಕಾಂಕ್ರೀಟ್ ಬೀಮಿಗೋ ಆ್ಯಂಕರ್ ಬೋಲ್ಟು ಹಾಕಿದರೆ 20 ಕಿಲೊ ಏನೂ ದೊಡ್ಡದಲ್ಲ. ಒಳಗೆ ಟೊಳ್ಳಿರುವ ಹಾಲೊ ಬ್ಲಾಕಿನ ಗೋಡೆಯಲ್ಲಿ ಸಾದಾ ಸ್ಕ್ರೂ ಕಿತ್ತು ಬರುತ್ತದೆ. ಜಗಳೂರು ಕಡೆಯ ಮಣ್ಣಿನ ಗೋಡೆಗೆ ಕೊಕ್ಕೆ ಹೊಡೆಯುವುದೇ ತಪ್ಪು, ಅಲ್ಲಿ ತೊಲೆಗೆ ಕಟ್ಟಬೇಕು. ರಿಮ್ಮಿನ ಬಣ್ಣ ಹೋಗದಂತೆ ಕೊಕ್ಕೆಗೆ ಹಳೆಯ ಟ್ಯೂಬಿನ ತುಂಡು ಸುತ್ತುವುದು ಎಲ್ಲೆಡೆಯ ಪದ್ಧತಿ. ಎಣ್ಣೆ ಒತ್ತಡದಿಂದ ಹಿಡಿಯುವ ಡಿಸ್ಕ್ ಬ್ರೇಕಿನ ಹೊಸ ಗೇರ್ ಸೈಕಲ್ಲುಗಳನ್ನು ತಲೆಕೆಳಗಾಗಿ ಬಹಳ ದಿನ ಬಿಟ್ಟರೆ ನಳಿಕೆಯೊಳಗೆ ಗಾಳಿ ಸೇರಿ ಬ್ರೇಕು ಮೆತ್ತಗಾಗಬಹುದು. ನೇತುಹಾಕಿದ್ದರಿಂದ ಒಂದು ಲಾಭವೂ ಇದೆ. ಗಾಳಿ ಇಳಿದ ಟೈರು ತಿಂಗಳುಗಟ್ಟಲೆ ನೆಲಕ್ಕೊತ್ತಿ ಬಿರುಕು ಬಿಡುವುದು ತಪ್ಪುತ್ತದೆ. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿದಾಗ ನೀರು ನುಗ್ಗುವ ಹೊನ್ನಾಳಿಯ ನದಿಯಂಚಿನ ತಗ್ಗು ಓಣಿಗಳಲ್ಲಿ ಎತ್ತರದ ಕೊಕ್ಕೆ ಇನ್ನೂ ಹೆಚ್ಚಿನ ಅನುಕೂಲ.

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ರೈಲು ನಿಲ್ದಾಣದ ಅಡಿಯಲ್ಲಿ 2019ರಲ್ಲಿ ಪೂರ್ಣಗೊಂಡ ತಂಗುದಾಣದಲ್ಲಿ 12,500 ಸೈಕಲ್ಲುಗಳಿಗೆ ಎರಡು ಅಂತಸ್ತಿನ ಚೌಕಟ್ಟುಗಳಿವೆ. ಅಲ್ಲಿ ಮೇಲೆ ಹೋಗುವುದೂ ದಿನ ಓಡಾಡುವ ಸೈಕಲ್ಲೇ, ಏಕೆಂದರೆ ಮೇಲಿನ ಸಾಲು ಎಳೆದರೆ ಕೆಳಗಿಳಿಯುತ್ತದೆ. ಮನೆಯ ಶೆಡ್ಡಿನ ಕೊಕ್ಕೆ ಹಾಗಲ್ಲ. 20 ಕಿಲೊ ಕಬ್ಬಿಣವನ್ನು ದಿನವೂ ಎತ್ತಿ ಇಳಿಸುವವರು ಯಾರೂ ಇಲ್ಲ. ಹಗುರವಾದ ಗೇರ್ ಸೈಕಲ್ಲನ್ನು ಭಾನುವಾರಕ್ಕೊಮ್ಮೆ ಇಳಿಸುತ್ತಾರೆ. ಅಜ್ಜನ ಕರಿ ಸೈಕಲ್ಲು, ಮಗಳ ಶಾಲೆಯ ಸೈಕಲ್ಲು ಮೇಲೇ ಇರುತ್ತವೆ. ಇಂದಿಗೂ ಸೈಕಲ್ಲಿನಲ್ಲೇ ಕೂಲಿಗೆ ಹೋಗಿ ಬರುವವರ ಮನೆಯಲ್ಲಿ ಅದು ಬಾಗಿಲ ಪಕ್ಕದಲ್ಲಿ, ನೆಲದ ಮೇಲೆ, ಸ್ಟ್ಯಾಂಡ್ ಹಾಕಿಕೊಂಡು ನಿಂತಿದೆ.

ಕೊಕ್ಕೆಯೂ ಸಿಗದವು ಗುಜರಿಗೆ ಹೋಗುತ್ತವೆ. ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ, ಸೀಟು ಟೈರುಗಳಿಗೆ ಬೆಲೆ ಕಟ್ಟುವುದಿಲ್ಲ. ಗಟ್ಟಿಯಾಗಿರುವ ರಿಮ್ಮು, ಪೆಡಲ್ಲು, ಕ್ಯಾರಿಯರುಗಳು ರಿಪೇರಿ ಅಂಗಡಿಗೆ ಮರಳಿ ಬಂದು, ಅಲ್ಲಿನ ಮೊಳೆಗಳಿಗೆ ನೇತುಬೀಳುತ್ತವೆ.