ಮೊದಲು ನಂಬುವವರು ಯಾರು?

ಹೋದ ವರ್ಷ ದಸರೆ ಕಳೆದ ಮೇಲೆ ಒಂದು ಸಂಜೆ, ಬಸವೇಶ್ವರನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ನನ್ನ ಸೊಸೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಳು. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿಗಳನ್ನು ಮನೆಯಲ್ಲೇ ಮಾಡಿ ಇಂಟರ್‌ನೆಟ್‌ನಲ್ಲಿ ಮಾರಬೇಕೆಂಬುದು ಅವಳ ಹಂಬಲ. ಪುಡಿಯ ಹದ ಕೂತಿತ್ತು, ಎಫ್.ಎಸ್.ಎಸ್.ಎ.ಐ. ನೋಂದಣಿಯೂ ಆಗಿತ್ತು. "ಅತ್ತೆ, ಅಂಗಡಿ ಎಲ್ಲಿಡೋದು, ದುಡ್ಡು ಯಾರ ಕೈಲಿ ತರಿಸ್ಕೊಳ್ಳೋದು, ಇವೆರಡು ತೀರ್ಮಾನ ಆದ್ರೆ ನಾಳೇನೇ ಶುರು ಮಾಡ್ತೀನಿ" ಎಂದಳು.

ಅವಳ ಹೆದರಿಕೆಗೆ ಕಾರಣವಿತ್ತು. ಕೆಲಸ ಬಿಟ್ಟಾಗ ಬಂದ ಪ್ರಾವಿಡೆಂಟ್ ಫಂಡಿನ ಹಣವನ್ನೇ ಇದಕ್ಕೆ ಹಾಕಿದ್ದಳು. ಅದರಲ್ಲಿ ಒಂದು ಪಾಲು ಎರಡು ವರ್ಷದ ಹಿಂದೆಯೇ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ. ಆದರೆ ಆ ಎರಡು ಪ್ರಶ್ನೆಗಳನ್ನು ಕೇಳಿದಾಗ, ಇವನ್ನು ಎಲ್ಲೋ ಕೇಳಿದ್ದೇನಲ್ಲ ಎನಿಸಿತು. ಕೇಳಿದ್ದೆ, ನಮ್ಮಮ್ಮನ ಬಾಯಲ್ಲಿ.

1970ರ ದಶಕದಲ್ಲಿ ನಾವು ರಾಜಾಜಿನಗರದಲ್ಲಿದ್ದೆವು. ಅಮ್ಮನ ಚಟ್ನಿ ಪುಡಿಗೆ ಬೀದಿಯಲ್ಲಿ ಹೆಸರಿತ್ತು. ನೆರೆಹೊರೆಯವರ ಮಕ್ಕಳು ಕೆಲಸಕ್ಕೆಂದು ಮುಂಬಯಿ, ದೆಹಲಿ ಸೇರಿದಾಗ ಅಲ್ಲಿಂದಲೂ ಬೇಡಿಕೆ ಬರತೊಡಗಿತು. ಬಿಸ್ಕತ್ತಿನ ತಗಡಿನ ಡಬ್ಬಿಗೆ ಪುಡಿ ತುಂಬಿ, ಕೋರಾ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು. ಮೇಣದ ಬತ್ತಿಯಲ್ಲಿ ಅರಗು ಹಿಡಿಯುವುದು ನನ್ನ ಕೆಲಸ. ಬೆರಳು ಸುಟ್ಟುಕೊಂಡದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಪಾರ್ಸೆಲ್ಲು ಅಂಚೆ ಕಚೇರಿಗೆ, ವಿ.ಪಿ.ಪಿ.ಯಲ್ಲಿ.

ಇಂದಿನ ಹುಡುಗಿಯರಿಗೆ ವಿ.ಪಿ.ಪಿ. ಎಂದರೆ ಗೊತ್ತಿರಲಾರದು. ವ್ಯಾಲ್ಯೂ ಪೇಯಬಲ್ ಪೋಸ್ಟ್ ಎಂಬ ಈ ವ್ಯವಸ್ಥೆಯನ್ನು ಭಾರತದ ಅಂಚೆ 1877ರಲ್ಲೇ ಆರಂಭಿಸಿತು. 1880ರಲ್ಲಿ ಮನಿಯಾರ್ಡರ್ ಬಂತು. ಆಗ ನಮ್ಮ ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿದ್ದು 1889ರಲ್ಲಿ. ವಿ.ಪಿ.ಪಿ.ಯ ಉಪಾಯ ಸರಳ. ಮಾರುವವರು ಪಾರ್ಸೆಲ್ಲನ್ನು ಅಂಚೆಗೆ ಒಪ್ಪಿಸುತ್ತಾರೆ. ಅಂಚೆಯಣ್ಣ ಕೊಳ್ಳುವವರ ಬಾಗಿಲಲ್ಲಿ ಹಣ ಎಣಿಸಿಕೊಂಡ ಮೇಲೆಯೇ ಅದನ್ನು ಕೈಗಿಡುತ್ತಾನೆ. ಆ ಹಣ ಮನಿಯಾರ್ಡರಾಗಿ ಮಾರಿದವರಿಗೆ ಮರಳುತ್ತದೆ. ಒಬ್ಬರ ಮುಖ ಒಬ್ಬರು ಕಾಣದ ಇಬ್ಬರ ನಡುವೆ ಇಬ್ಬರೂ ನಂಬುವ ಮೂರನೆಯವರೊಬ್ಬರು ನಿಂತರು. ದೂರದ ವ್ಯಾಪಾರದ ಗುಟ್ಟೆಲ್ಲ ಇಷ್ಟೇ.

ಆದರೆ ಒಂದು ಸಲ ಮುಂಬಯಿಗೆ ಹೋದ ನಾಲ್ಕು ಡಬ್ಬಿ ಹಾಗೇ ಹಿಂದಕ್ಕೆ ಬಂದವು. ತರಿಸಿದವರು ಬಾಗಿಲಲ್ಲಿ ಬೇಡವೆಂದರಂತೆ. ಹೋಗಿ ಬರುವಷ್ಟರಲ್ಲಿ ಪುಡಿಯ ಕೊಬ್ಬರಿ ಮುಗ್ಗಿತ್ತು, ಅಂಚೆಯ ಖರ್ಚು ಅಮ್ಮನ ತಲೆಗೆ ಬಂತು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಸುಮ್ನೆ ಹೇಳ್ತಾರಾ?" ಎಂದು ಅಮ್ಮ ಎರಡು ದಿನ ಗೊಣಗಿದರು. ಮೂರನೆಯ ದಿನ ನಿಯಮ ಮಾಡಿದರು: ಗುರುತಿನವರಿಗೆ ವಿ.ಪಿ.ಪಿ., ಗುರುತಿಲ್ಲದವರಿಂದ ಮೊದಲು ಮನಿಯಾರ್ಡರ್.

ಈ ತೊಡಕು ಅಮ್ಮನೊಬ್ಬರದೇ ಆಗಿರಲಿಲ್ಲ. ಕನ್ನಡ ಪುಸ್ತಕಗಳ ಚರಿತ್ರೆಯನ್ನೇ ನೋಡಿ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದರು. ಕೈಗೆ ಪುಸ್ತಕ, ಕೈಗೆ ಕಾಸು, ನಡುವೆ ಯಾರೂ ಇಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಇನ್ನೊಂದು ದಾರಿ ಹಿಡಿಯಿತು. ಓದುಗರು ಚಂದಾದಾರರಾಗಿ ಮುಂಗಡ ಹಣ ಕೊಟ್ಟರು, ಪುಸ್ತಕ ಆಮೇಲೆ ಬಂತು. ಅಲ್ಲಿ ಮೊದಲು ನಂಬಿದವರು ಓದುಗರು. ವಿ.ಪಿ.ಪಿ.ಯಲ್ಲಿ ಮೊದಲು ನಂಬಬೇಕಾದವರು ಮಾರುವವರು. ದಾರಿ ಯಾವುದಾದರೂ ಯಾರೋ ಒಬ್ಬರು ಮೊದಲ ಹೆಜ್ಜೆ ಇಡಲೇಬೇಕು.

ಇಂಟರ್‌ನೆಟ್ ಬಂದ ಮೇಲೂ ಇದೇ ಪ್ರಶ್ನೆ ಹೊಸ ಸೀರೆ ಉಟ್ಟು ಬಂತು. ವಿದೇಶ ಸಂಚಾರ ನಿಗಮ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. 1999ರಲ್ಲಿ ನಮ್ಮ ಬೆಂಗಳೂರಿನಲ್ಲೇ ಫ್ಯಾಬ್‌ಮಾರ್ಟ್ ಎಂಬ ಅಂಗಡಿ ತೆರೆಯಿತು. ಅದನ್ನು ಕಟ್ಟಿದವರಲ್ಲಿ ಕೆಲವರೇ 2011ರಲ್ಲಿ ಬಿಗ್‌ಬ್ಯಾಸ್ಕೆಟ್ ಮಾಡಿದರು. ಆದರೆ ಆ ಹೊತ್ತಿಗೆ ಕಾರ್ಡು ಇದ್ದವರೇ ಕಡಿಮೆ, ಇದ್ದವರಿಗೂ ಅದರ ಸಂಖ್ಯೆಯನ್ನು ಕಾಣದ ಅಂಗಡಿಗೆ ಕೊಡಲು ಭಯ. ಆ ಭಯ ತಗ್ಗಲೆಂದು ರಿಸರ್ವ್ ಬ್ಯಾಂಕು 2009ರ ಆಗಸ್ಟ್‌ನಿಂದ ಇಂಥ ವ್ಯವಹಾರಕ್ಕೆ ಎರಡನೆಯ ಗುಟ್ಟಿನ ಸಂಖ್ಯೆಯನ್ನು ಕಡ್ಡಾಯ ಮಾಡಿತು. ನಾವೀಗ ಓ.ಟಿ.ಪಿ. ಎನ್ನುವುದು ಅದರ ಸಂತಾನ. ಆದರೂ ಜನ ಪೂರ್ತಿ ನಂಬಲಿಲ್ಲ. ಕೋರಮಂಗಲದಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ವಸ್ತು ಕೈಗೆ ಬಂದ ಮೇಲೆ ಹಣ ಕೊಡಿ ಎಂದಾಗಲೇ ಜನ ಧೈರ್ಯ ಮಾಡಿದ್ದು. ಹೊಸ ಉಪಾಯವೆಂದು ಎಲ್ಲರೂ ಹೊಗಳಿದರು. ನನಗಂತೂ ಅದು ಬೈಕು ಹತ್ತಿದ ವಿ.ಪಿ.ಪಿ.ಯಂತೆ ಕಂಡಿತು. ವಾಪಸು ಬಂದ ಪಾರ್ಸೆಲ್ಲಿನ ನಷ್ಟವೂ ಹಾಗೇ ಉಳಿಯಿತು.

2016ರಲ್ಲಿ ಯು.ಪಿ.ಐ. ಬಂತು. ಅದೇ ನವೆಂಬರಿನಲ್ಲಿ ಐನೂರು, ಸಾವಿರದ ನೋಟು ರದ್ದಾದಾಗ ವಿಜಯನಗರದ ಸೊಪ್ಪಿನವಳವರೆಗೂ ಮೊಬೈಲಿನ ದುಡ್ಡು ದಾರಿ ಮಾಡಿಕೊಂಡಿತು. 2020ರ ಜನವರಿಯಿಂದ ಯು.ಪಿ.ಐ. ಹಣದಲ್ಲಿ ಬ್ಯಾಂಕುಗಳು ವ್ಯಾಪಾರಿಯಿಂದ ಎಂ.ಡಿ.ಆರ್. ಎಂಬ ಶುಲ್ಕ ಕತ್ತರಿಸಬಾರದೆಂದು ಸರ್ಕಾರ ಮಾಡಿತು. ಅದೇ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು, ಗಿರಾಕಿ ಮತ್ತು ಅಂಗಡಿಯ ನಡುವೆ ಹಣ ದಾಟಿಸುವ ಕಂಪನಿಗಳಿಗೆ ಕಟ್ಟಳೆ ಹಾಕಿತು: ತನ್ನ ಅನುಮತಿ ಪಡೆಯಬೇಕು, ಗಿರಾಕಿಯ ಹಣವನ್ನು ಬ್ಯಾಂಕಿನ ಬೇರೆಯೇ ಖಾತೆಯಲ್ಲಿಡಬೇಕು, ಗೊತ್ತಾದ ಅವಧಿಯೊಳಗೆ ಅಂಗಡಿಯವರಿಗೆ ತಲುಪಿಸಬೇಕು. ಇದನ್ನು ಸೊಸೆ ಓದಿ ಹೇಳಿದಾಗ ನನಗೆ ಅಂಚೆಯಣ್ಣನ ಖಾಕಿ ಚೀಲ ನೆನಪಾಯಿತು. ಚೀಲದಲ್ಲಿರುವ ದುಡ್ಡು ಅವನದಲ್ಲ. ಆ ಭೇದ ತಿಳಿದವನೇ ನಡುವೆ ನಿಲ್ಲಲು ಯೋಗ್ಯ.

ಇನ್ನು ಜಾಗದ ಮಾತು. ಎರಡು ವರ್ಷದ ಹಿಂದೆ ಪರಿಚಯದ ಹುಡುಗನೊಬ್ಬ ಕಡಿಮೆ ದುಡ್ಡಿಗೆ ಅವಳ ಅಂಗಡಿ ಕಟ್ಟಿಕೊಟ್ಟಿದ್ದ. ಅಂಗಡಿಯ ಹೆಸರನ್ನು ಮಾತ್ರ ತನ್ನದೇ ಇ-ಮೇಲಿನಲ್ಲಿ ನೋಂದಾಯಿಸಿದ್ದ. ಇಂಥ ಹೆಸರನ್ನು ವರ್ಷವರ್ಷವೂ ಹಣ ಕಟ್ಟಿ ಉಳಿಸಿಕೊಳ್ಳಬೇಕು. ಅವನು ಬೇರೆ ಊರಿಗೆ ಕೆಲಸಕ್ಕೆ ಹೋದ, ನೆನಪಿನ ಪತ್ರಗಳೆಲ್ಲ ಅವನ ಹಳೆಯ ವಿಳಾಸಕ್ಕೆ ಹೋದವು, ಒಂದು ಬೆಳಿಗ್ಗೆ ಅಂಗಡಿಯೇ ಮಾಯ. ದೀಪಾವಳಿಗೆಂದು ಮುಂಗಡ ಕಳಿಸಿದ್ದ ಹತ್ತು ಹನ್ನೆರಡು ಮಂದಿ ಇವಳನ್ನು ಮೋಸಗಾರ್ತಿ ಎಂದುಕೊಂಡರು. ಒಬ್ಬೊಬ್ಬರಿಗೂ ಫೋನ್ ಮಾಡಿ ಹಣ ಹಿಂದಿರುಗಿಸುವಾಗ ಅವಳ ಕಣ್ಣು ತುಂಬಿದ್ದನ್ನು ನಾನು ಕಂಡಿದ್ದೇನೆ. ಬಾಡಿಗೆ ಅಂಗಡಿಯಾದರೂ ಬೋರ್ಡು ನಮ್ಮ ಹೆಸರಿನಲ್ಲಿರಬೇಕು ಎಂಬ ಪಾಠ ತುಟ್ಟಿಯಾಗಿಯೇ ಬಂತು.

ಈ ಸಲ ಅವಳು ನನಗೆ ಬಗೆಗಳನ್ನು ಬಿಡಿಸಿ ಹೇಳಿದಳು. ಅಗ್ಗದ ಹೋಸ್ಟಿಂಗ್ ಎಂದರೆ ಒಂದೇ ಕಂಪ್ಯೂಟರಿನಲ್ಲಿ ನೂರಾರು ಜನರ ಪುಟಗಳು. "ಅಯ್ಯೋ, ನಮ್ಮ ವಠಾರ!" ಎಂದೆ. ಪಕ್ಕದ ಮನೆಯ ಮದುವೆಗೆ ನಲ್ಲಿಯ ನೀರೆಲ್ಲ ಹೋದರೆ ನಮ್ಮ ಕೊಡ ಖಾಲಿ. ಇನ್ನೊಂದು ಬಗೆ, ಕಪಾಟು, ಗಲ್ಲಾ ಎಲ್ಲವೂ ಸಿದ್ಧವಿರುವ ಅಂಗಡಿಯನ್ನು ತಿಂಗಳ ಬಾಡಿಗೆಗೆ ಹಿಡಿಯುವುದು. ಬಾಡಿಗೆ ಹೆಚ್ಚು, ತಲೆನೋವು ಕಡಿಮೆ. ಮೂರನೆಯದು ದೊಡ್ಡ ಸಂತೆಯಲ್ಲಿ ಮೂಲೆ ಹಿಡಿಯುವುದು. ಗಿರಾಕಿಗಳು ತಾವಾಗಿ ಬರುತ್ತಾರೆ, ಆದರೆ ಅವರು ಸಂತೆಯವರ ಗಿರಾಕಿಗಳೇ ಹೊರತು ನಮ್ಮವರಲ್ಲ.

ಅವಳು ಎರಡನೆಯದನ್ನು ಆರಿಸಿದಳು. ಹೆಸರನ್ನು ಮೊದಲು ತನ್ನ ಇ-ಮೇಲಿನಲ್ಲಿ, ತನ್ನ ಫೋನಿನ ಸಂಖ್ಯೆಯಲ್ಲಿ ಮಾಡಿಸಿದಳು. ಗಿರಾಕಿಗಳ ಪಟ್ಟಿಯನ್ನು ಪ್ರತಿ ಶನಿವಾರ ತನ್ನ ಬಳಿ ಇಳಿಸಿಟ್ಟುಕೊಳ್ಳುತ್ತಾಳೆ, ಮನೆ ಬದಲಿಸಬೇಕಾದರೆ ಬರಿಗೈಯಲ್ಲಿ ಹೋಗಬಾರದಲ್ಲ. ಹಣಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಇರುವ ಕಂಪನಿಯನ್ನೇ ಹಿಡಿದಳು. ಕಾರ್ಡಿನ ಹಣಕ್ಕೆ ನೂರಕ್ಕೆ ಎರಡು ರೂಪಾಯಿಯ ಆಸುಪಾಸು ಮತ್ತು ಅದರ ಮೇಲೆ ಜಿ.ಎಸ್.ಟಿ. ಹೋಗುತ್ತದೆ. ಅದನ್ನು ಪುಡಿಯ ಬೆಲೆಯಲ್ಲೇ ಲೆಕ್ಕ ಹಿಡಿದಳು. ಹಣ ವಾಪಸು ಮಾಡುವ ನಿಯಮ, ವಿಳಾಸ, ತಲುಪಿಸುವ ದಿನ ಎಲ್ಲವನ್ನೂ ಪುಟದಲ್ಲಿ ಬರೆದಿಡಬೇಕೆಂದು ಆ ಕಂಪನಿ ಕೇಳಿದಾಗ ಮೊದಲು ಸಿಡುಕಿದಳು. ಆಮೇಲೆ, ಗಿರಾಕಿಗೂ ನಮ್ಮನ್ನು ಅಳೆಯಲು ಒಂದು ಪಾವು ಬೇಕಲ್ಲವೇ ಎಂದು ಬರೆದಳು.

"ಬಾಗಿಲಲ್ಲಿ ಹಣ ಕೊಡೋದನ್ನ ಇಡ್ಲಾ ಅತ್ತೆ?" ಎಂದು ಕೇಳಿದಳು. ನಾನು ಅಮ್ಮನ ನಿಯಮವನ್ನೇ ಹೇಳಿದೆ. ಈಗ ವಿಜಯನಗರದಿಂದ ಕೆಂಗೇರಿಯವರೆಗಿನ ಗುರುತಿನವರಿಗೆ ಮಾತ್ರ ಬಾಗಿಲಲ್ಲಿ ಹಣ, ದೂರದವರಿಗೆ ಮೊದಲೇ.

ಕೊನೆಗೊಂದು ಸಣ್ಣ ಮಾತು. ಮನಿಯಾರ್ಡರ್ ಫಾರಮ್ಮಿನ ಕೆಳಗೆ ಎರಡು ಸಾಲು ಬರೆಯಲು ಜಾಗವಿರುತ್ತಿತ್ತು. "ಪುಡಿ ಚೆನ್ನಾಗಿತ್ತು, ಖಾರ ತುಸು ಕಡಿಮೆ ಮಾಡಿ" ಎಂದು ಬರೆದು ಬಂದ ತುಂಡುಗಳನ್ನು ಅಮ್ಮ ಉಪ್ಪಿನ ಜಾಡಿಯ ಹಿಂದೆ ಜೋಪಾನವಾಗಿಟ್ಟಿದ್ದರು. ಸೊಸೆಯ ಅಂಗಡಿಯಲ್ಲಿ ಹಣ ಕೊಡುವ ಪುಟದಲ್ಲೂ ಅಂಥದೇ ಒಂದು ಖಾಲಿ ಚೌಕವಿತ್ತು. "ಇದು ಯಾಕೆ, ತೆಗೆದುಬಿಡ್ಲಾ?" ಎಂದಳು.

"ಅದೊಂದು ಇರಲಿ ಬಿಡಮ್ಮ" ಎಂದೆ.