ಒಂದು ಪ್ಲೇಟ್ ಇತಿಹಾಸ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದು? ಕ್ವಿಜ್ ನಡೆಸುವವರಿಗೆ ಬಲು ಇಷ್ಟದ ಪ್ರಶ್ನೆ ಇದು. ಬಹಳ ಕಾಲ ಇದಕ್ಕೆ ಉತ್ತರ 'ಸೆಟ್' ಎಂದಿತ್ತು. ೧೯೮೯ರಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಇದೊಂದಕ್ಕೇ ಸುಮಾರು ೪೩೦ ಅರ್ಥಗಳು! ಆಮೇಲೆ ೨೦೧೧ರಲ್ಲಿ ಅದೇ ನಿಘಂಟಿನವರು 'ರನ್' ಎಂಬ ಕ್ರಿಯಾಪದವನ್ನು ಪರಿಷ್ಕರಿಸಿ ನೋಡಿದರೆ ೬೪೫ ಅರ್ಥ ಸಿಕ್ಕಿದವಂತೆ. ಸೆಟ್ ಸೋತಿತು, ರನ್ ಗೆದ್ದಿತು.

ಈ ಲೆಕ್ಕ ಕೇಳಿದಾಗಲೆಲ್ಲ ನಮ್ಮವರಲ್ಲೇ ಯಾರಾದರೊಬ್ಬರು "ಇಂಗ್ಲಿಷ್ ಎಷ್ಟು ಶ್ರೀಮಂತ ಭಾಷೆ ನೋಡಿ, ಕನ್ನಡದಲ್ಲಿ ಇಂಥದ್ದೆಲ್ಲಿದೆ?" ಅಂದುಬಿಡುತ್ತಾರೆ. ನನಗೆ ಈ ಎಣಿಕೆಯಲ್ಲಿ ಅಷ್ಟು ನಂಬಿಕೆಯಿಲ್ಲ. ಎಷ್ಟು ಅರ್ಥ ಅನ್ನುವುದಕ್ಕಿಂತ ಆ ಅರ್ಥಗಳು ಯಾವ ದಾರಿಯಲ್ಲಿ ಬಂದವು ಅನ್ನುವುದು ಹೆಚ್ಚು ಸ್ವಾರಸ್ಯದ ವಿಷಯ. ಹಾಗಾಗಿ ಸೆಟ್ಟೂ ಬೇಡ, ರನ್ನೂ ಬೇಡ, ಎಲ್ಲರಿಗೂ ಗೊತ್ತಿರುವ ಒಂದು ಸಣ್ಣ ಪದ ತೆಗೆದುಕೊಳ್ಳೋಣ: 'ಪ್ಲೇಟ್'. ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಕೋಲಾರದ ಹತ್ತಿರದ ವಕ್ಕಲೇರಿ ಎಂಬ ಊರು ಇತಿಹಾಸದ ಪುಸ್ತಕಗಳಿಗೆ ಸೇರಿದ್ದೇ ಈ ಪದದ ಜೊತೆಗೆ, 'ವಕ್ಕಲೇರಿ ಪ್ಲೇಟ್ಸ್' ಎಂದು.

ಮೊದಲು ಪದದ ವಿಚಾರ. ನಮಗೆ ಪ್ಲೇಟ್ ಅಂದರೆ ಊಟದ ತಟ್ಟೆ. ಹೋಟೆಲಿಗೆ ಹೋದರೆ ಅದು ಅಳತೆಯೂ ಆಗುತ್ತದೆ, ಒಂದು ಪ್ಲೇಟ್ ಇಡ್ಲಿ, ಎರಡು ಪ್ಲೇಟ್ ಪೂರಿ. "ಒಂದು ಪ್ಲೇಟ್ ತಟ್ಟೆ ಇಡ್ಲಿ ಕೊಡಿ" ಎಂದು ಬಿಡದಿಯಲ್ಲಿ ಕೇಳಿದರೆ ಯಾರಿಗೂ ಗಲಿಬಿಲಿಯಾಗುವುದಿಲ್ಲ. ಇದನ್ನು ಇಂಗ್ಲಿಷಿಗೆ ಅನುವಾದಿಸಿ ನೋಡಿ, ಮಜಾ ಇರುತ್ತದೆ! ಇದಲ್ಲದೆ ಗಾಡಿಗೆ ನಂಬರ್ ಪ್ಲೇಟ್, ಬಾಗಿಲಿಗೆ ನೇಮ್ ಪ್ಲೇಟ್, ಮೂಳೆ ಮುರಿದರೆ ಒಳಗೆ ಹಾಕುವ ಪ್ಲೇಟ್, ಬ್ಯಾಟರಿಯೊಳಗಿನ ಪ್ಲೇಟ್, ಹಳೆಯ ಕ್ಯಾಮೆರಾದ ಗಾಜಿನ ಪ್ಲೇಟ್, ಪುಸ್ತಕದ ಮಧ್ಯೆ ಸೇರಿಸಿರುವ ಚಿತ್ರದ ಪುಟಗಳೂ ಪ್ಲೇಟ್. ಭೂಕಂಪ ಯಾಕಾಯಿತು ಎಂದು ಕೇಳಿದರೆ ನೆಲದಡಿಯ ಪ್ಲೇಟುಗಳು ಸರಿದವು ಅನ್ನುತ್ತಾರೆ. ಈ ಅರ್ಥ ೧೯೬೦ರ ದಶಕದ್ದು. ರಣಜಿ ಟ್ರೋಫಿಯಲ್ಲಿ ಎರಡನೇ ದರ್ಜೆಯ ತಂಡಗಳ ಗುಂಪಿಗೂ ಪ್ಲೇಟ್ ಎಂದೇ ಹೆಸರು.

ಇಷ್ಟೆಲ್ಲ ಅರ್ಥಗಳ ತಳದಲ್ಲಿರುವುದು ಒಂದೇ, ಚಪ್ಪಟೆಯಾದದ್ದು. ಗ್ರೀಕಿನ 'ಪ್ಲಾಟುಸ್' ಅಂದರೆ ಅಗಲ, ಚಪ್ಪಟೆ. ಅದು ಲ್ಯಾಟಿನ್ನಿನ ಆಡುಮಾತಿಗೆ ಬಂದು, ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಸೇರಿತು. ಮೊದಲು ಅದು ಬಡಿದು ತೆಳ್ಳಗೆ ಮಾಡಿದ ಲೋಹದ ತಗಡು. ಯೋಧರ ಕವಚ ಆ ತಗಡಿನದು. ಶ್ರೀಮಂತರ ಮನೆಯ ಬೆಳ್ಳಿ ಪಾತ್ರೆಗಳಿಗೂ ಪ್ಲೇಟ್ ಎಂಬ ಹೆಸರು ಬಂತು. ಸ್ಪ್ಯಾನಿಷಿನಲ್ಲಂತೂ 'ಪ್ಲಾತಾ' ಅಂದರೆ ಬೆಳ್ಳಿಯೇ. ಅದೇ ಗ್ರೀಕ್ ಪದದಿಂದ ಅಗಲವಾದ ಬೀದಿಗೆ ಒಂದು ಹೆಸರು ಹುಟ್ಟಿ, ಇಂಗ್ಲಿಷಿನ 'ಪ್ಲೇಸ್' ಮತ್ತು 'ಪ್ಲಾಜಾ' ಬಂದವು. ಅಂದರೆ ಪ್ಲೇಟು, ಪ್ಲೇಸು ಎರಡೂ ಒಂದೇ ಮನೆಯವು!

ಈಗ ವಕ್ಕಲೇರಿಗೆ ಬರೋಣ. ಇಲ್ಲಿ ಸಿಕ್ಕಿದ ತಾಮ್ರಶಾಸನ ಬಾದಾಮಿ ಚಾಲುಕ್ಯರ ಕೊನೆಯ ಅರಸ ಎರಡನೇ ಕೀರ್ತಿವರ್ಮನದು. ಕಾಲ ಶಕ ೬೭೯, ಅಂದರೆ ಕ್ರಿ.ಶ. ೭೫೭. ಅವನ ಆಳ್ವಿಕೆಯ ಹನ್ನೊಂದನೇ ವರ್ಷ. ಭಾಷೆ ಸಂಸ್ಕೃತ. ಬಿ.ಎಲ್. ರೈಸ್ ಇದನ್ನು ಓದಿ ಪ್ರಕಟಿಸಿದರು. ಆಮೇಲೆ ಜರ್ಮನಿಯ ಪಂಡಿತ ಕೀಲ್‌ಹಾರ್ನ್ 'ಎಪಿಗ್ರಾಫಿಯಾ ಇಂಡಿಕಾ'ದ ಐದನೇ ಸಂಪುಟದಲ್ಲಿ ಮತ್ತೆ ಸಂಪಾದಿಸಿದರು.

ಇದರಲ್ಲಿರುವ ಸಂಗತಿ ಮೇಲುನೋಟಕ್ಕೆ ಸರಳ. ರಾಜ ಭೀಮಾ ನದಿಯ ಉತ್ತರ ದಡದಲ್ಲಿ ಬೀಡುಬಿಟ್ಟಿದ್ದಾಗ ಪಾನುಂಗಲ್ ಅಂದರೆ ಇಂದಿನ ಹಾನಗಲ್ ಸೀಮೆಯ ಸುಳ್ಳಿಯೂರು ಎಂಬ ಗ್ರಾಮವನ್ನು ಮಾಧವಶರ್ಮ ಎಂಬ ಬ್ರಾಹ್ಮಣನಿಗೆ ದಾನ ಕೊಟ್ಟ. ಆದರೆ ದಾನದ ಮಾತಿಗೆ ಮುಂಚೆ ವಂಶದ ಹೊಗಳಿಕೆ ದೀರ್ಘವಾಗಿದೆ, ಇತಿಹಾಸಕಾರರಿಗೆ ಬೇಕಾದದ್ದು ಅದೇ. ಕೀರ್ತಿವರ್ಮನ ತಂದೆ ಎರಡನೇ ವಿಕ್ರಮಾದಿತ್ಯ ಪಲ್ಲವರನ್ನು ಸೋಲಿಸಿ ಕಂಚಿಯನ್ನು ಹೊಕ್ಕ, ಆದರೆ ಊರನ್ನು ಹಾಳುಮಾಡಲಿಲ್ಲ, ರಾಜಸಿಂಹೇಶ್ವರ ದೇವಾಲಯದ ಚಿನ್ನವನ್ನು ಹಿಂದಕ್ಕೆ ಕೊಟ್ಟ ಎಂದು ಇದು ಹೇಳುತ್ತದೆ. ಮಗ ತಂದೆಯನ್ನು ಹೊಗಳಿದ್ದಾನೆ ಅಷ್ಟೇ ಅನ್ನುವ ಹಾಗಿಲ್ಲ. ಇಂದು ಕೈಲಾಸನಾಥ ಎನ್ನುವ ಆ ದೇವಾಲಯದ ಕಂಬದ ಮೇಲೆ ವಿಕ್ರಮಾದಿತ್ಯನದೇ ಕನ್ನಡ ಶಾಸನವಿದೆ, ಅದೂ ಇದೇ ಮಾತು ಹೇಳುತ್ತದೆ. ಸೋತವರ ಊರಿನಲ್ಲೇ ಸಾಕ್ಷಿ ಸಿಕ್ಕಂತಾಯಿತು.

ಒಂದು ವಿಷಯ ಗಮನಿಸಿದಿರಾ? ಶಾಸನ ಬರೆಸಿದ್ದು ಭೀಮಾ ತೀರದಲ್ಲಿ, ದಾನ ಕೊಟ್ಟ ಊರು ಹಾನಗಲ್ ಕಡೆ, ಸಿಕ್ಕಿದ್ದು ಕೋಲಾರದಲ್ಲಿ! ಕಲ್ಲಿನ ಶಾಸನ ನೆಟ್ಟ ಕಡೆ ನಿಲ್ಲುತ್ತದೆ. ತಾಮ್ರದ್ದು ಹಾಗಲ್ಲ. ತೂತು ಮಾಡಿ ಬಳೆ ಹಾಕಿ, ಮುದ್ರೆ ಒತ್ತಿ, ದಾನ ಪಡೆದವನ ಕೈಗೆ ಕೊಡುತ್ತಿದ್ದರು. ಮನೆಯವರು ಹೋದಲ್ಲಿ ಅದೂ ಹೋಗುತ್ತದೆ, ನಾವು ಮನೆ ಬದಲಿಸುವಾಗ ಕ್ರಯಪತ್ರ ಒಯ್ಯುವ ಹಾಗೆ.

ಆ ತಗಡಿನ ಮೇಲೆ ರಾಜನ ಬಿರುದು 'ಶ್ರೀಪೃಥಿವೀವಲ್ಲಭ' ಎಂದಿದೆ. ಚಾಲುಕ್ಯರೆಲ್ಲ ಹಾಕಿಕೊಳ್ಳುತ್ತಿದ್ದ ಬಿರುದು. ಸಂಸ್ಕೃತದ 'ಪೃಥು' ಅಂದರೆ ಅಗಲವಾದದ್ದು, ಪೃಥಿವಿ ಅಂದರೆ ಅಗಲವಾದವಳು, ಭೂಮಿ. ಈ ಪೃಥು ಮತ್ತು ಗ್ರೀಕಿನ ಪ್ಲಾಟುಸ್ ಒಂದೇ ಮೂಲದಿಂದ ಬಂದ ದಾಯಾದಿಗಳು ಎಂಬುದು ಭಾಷಾಶಾಸ್ತ್ರದಲ್ಲಿ ಎಲ್ಲರೂ ಒಪ್ಪಿದ ಮಾತು. ಅಂದರೆ ಯಾವ ವಸ್ತುವನ್ನು ಇಂಗ್ಲಿಷಿನವರು 'ಪ್ಲೇಟ್' ಎಂದು ಕರೆದರೋ, ಅದೇ ಬೇರಿನ ಪದ ಆ ವಸ್ತುವಿನ ಮೇಲೆ ಸಾವಿರ ವರ್ಷಕ್ಕೂ ಮೊದಲೇ ಕೊರೆದು ಕೂತಿತ್ತು!

ಸರಿ, ಈ ತಗಡಿಗೆ ನಮ್ಮವರು ಏನನ್ನುತ್ತಿದ್ದರು? ತಾಮ್ರಶಾಸನ, ತಾಮ್ರಪಟ್ಟ. ನಿಜವಾದ ಹೋಲಿಕೆ ಮಾಡಬೇಕಾದ್ದು ಈ 'ಪಟ್ಟ'ದ ಜೊತೆ. ಸಂಸ್ಕೃತದಲ್ಲಿ ಪಟ್ಟ ಅಂದರೆ ಹಲಗೆ, ಬರೆಯುವ ತಗಡು. ಬಟ್ಟೆಯ ಪಟ್ಟಿ, ರೇಷ್ಮೆ ಕೂಡ. ಇವೆರಡೂ ಒಂದೇ ಪದವೋ ಬೇರೆ ಬೇರೆಯೋ ಎಂದು ಪಂಡಿತರಲ್ಲಿ ವಾದವಿದೆ, ಆದರೆ ಕನ್ನಡಕ್ಕೆ ಬಂದ ಮೇಲೆ ಎರಡೂ ಕಲೆತುಹೋದವು. ರಾಜನ ಹಣೆಗೆ ಕಟ್ಟುವ ಪಟ್ಟಿಯೇ ಪಟ್ಟ. ಅದಕ್ಕೇ ಹಳಗನ್ನಡದಲ್ಲಿ 'ಪಟ್ಟಂಗಟ್ಟು' ಅಂದರೆ ರಾಜನನ್ನಾಗಿ ಮಾಡು. ನಾವು ಈಗಲೂ ಹುಚ್ಚನ ಪಟ್ಟ 'ಕಟ್ಟುತ್ತೇವೆ', ಕೊಡುವುದಿಲ್ಲ, ಇಡುವುದಿಲ್ಲ. ಕಟ್ಟುತ್ತಿದ್ದ ಬಟ್ಟೆ ಹೋಗಿ ಎಷ್ಟೋ ಶತಮಾನ ಆದರೂ ಕ್ರಿಯಾಪದ ಹೋಗಿಲ್ಲ! ಪಟ್ಟದ ರಾಣಿ, ಪಟ್ಟದಾನೆ, ಪಟ್ಟಶಿಷ್ಯ, ಪಟ್ಟದಕಲ್ಲು ಎಲ್ಲ ಇದರ ಸಂತಾನವೇ. ಕಂಚಿಯ ಗೆಲುವಿನ ನೆನಪಿಗೆ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಗುಡಿ ಕಟ್ಟಿಸಿದ್ದು ಆ ಪಟ್ಟದಕಲ್ಲಿನಲ್ಲೇ, ಇಂದಿನ ವಿರೂಪಾಕ್ಷ ದೇವಾಲಯ.

ಇನ್ನೊಂದು ಕವಲು ನೋಡಿ. ಹುಲಿಯ ಮೈಮೇಲಿನ ಪಟ್ಟೆ, ಪಟ್ಟೆ ಸೀರೆ, ಜ್ವರಕ್ಕೆ ಹಣೆಯ ಮೇಲೆ ಹಾಕುವ ಒದ್ದೆ ಪಟ್ಟಿ, ಅಂಕಪಟ್ಟಿ, ಬೆಲೆಪಟ್ಟಿ, ಮತದಾರರ ಪಟ್ಟಿ. ಮುಳಬಾಗಿಲು, ಶ್ರೀನಿವಾಸಪುರ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ರೇಷ್ಮೆಗೆ ಪಟ್ಟು ಅನ್ನುತ್ತಾರೆ. ಮೂರನೇ ಕವಲು ತಾಮ್ರಪಟ್ಟದಿಂದ ನೇರವಾಗಿ ಬಂದದ್ದು, ಜಮೀನಿನ 'ಪಟ್ಟಾ'. ಈಸ್ಟ್ ಇಂಡಿಯಾ ಕಂಪನಿಯವರು ಇದನ್ನು 'ಪಾಟ್ಟಾ' ಎಂದು ತಮ್ಮ ಕಾಯಿದೆಗಳಿಗೇ ಸೇರಿಸಿಕೊಂಡರು. ಮೊದಲ ಮಹಾಯುದ್ಧದ ಸೈನಿಕರು ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಬಟ್ಟೆಗೆ ಇಂಗ್ಲಿಷಿನ ಹೆಸರು 'ಪಟ್ಟೀ', ಅದೂ ನಮ್ಮ ಕಡೆಯಿಂದ ಹೋದದ್ದೇ.

ಎರಡು ಪದಗಳನ್ನೂ ಪಕ್ಕಪಕ್ಕ ಇಟ್ಟರೆ ಒಂದು ವ್ಯತ್ಯಾಸ ಕಾಣುತ್ತದೆ. ಪ್ಲೇಟ್ ಎಲ್ಲಿ ಹೋದರೂ ವಸ್ತುವಾಗೇ ಉಳಿಯಿತು: ತಗಡು, ಪಾತ್ರೆ, ಗಾಜು, ಭೂಮಿಯ ಚಿಪ್ಪು. ಪಟ್ಟ ಹಾಗಲ್ಲ, ವಸ್ತುವಿನಿಂದ ಹಕ್ಕಿಗೆ ದಾಟಿತು. ಹಣೆಯ ಪಟ್ಟಿ ಸಿಂಹಾಸನವಾಯಿತು, ತಾಮ್ರದ ತಗಡು ಭೂಮಿಯ ಒಡೆತನವಾಯಿತು. ಪ್ಲೇಟಿಗೆ ಅರ್ಥಗಳು ಹೆಚ್ಚಿರಬಹುದು, ಪಟ್ಟ ನಡೆದ ದೂರವೇನೂ ಕಡಿಮೆಯಲ್ಲ.

ವಕ್ಕಲೇರಿ ಶಾಸನದಲ್ಲಿ ಹೇಳದೆ ಬಿಟ್ಟ ಸಂಗತಿಯೂ ಒಂದಿದೆ. ರಾಷ್ಟ್ರಕೂಟ ದಂತಿದುರ್ಗ ಆಗಲೇ ಚಾಲುಕ್ಯರನ್ನು ಸೋಲಿಸಿದ್ದ. ಶಕ ೬೭೫ರ ಅವನ ಸಾಮಾನಗಡ ತಾಮ್ರಶಾಸನ ಆ ಗೆಲುವನ್ನು ಹೊಗಳುತ್ತದೆ. ನಾಲ್ಕು ವರ್ಷಗಳ ನಂತರವೂ ಕೀರ್ತಿವರ್ಮ ಅದೇ ಹಳೆಯ ಬಿರುದು ಹಾಕಿಕೊಂಡು ಊರು ದಾನ ಕೊಡುತ್ತಿದ್ದಾನೆ, ಸೋಲಿನ ಸುಳಿವೇ ಇಲ್ಲ. ಸ್ವಲ್ಪದರಲ್ಲೇ ಅವನ ಪಟ್ಟ ಹೋಯಿತು. ಅವನು ಇನ್ನೊಬ್ಬನಿಗೆ ಬರೆಸಿಕೊಟ್ಟ ಪಟ್ಟ ಮಾತ್ರ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಬದುಕಿದೆ.

ಸಾಫ್ಟ್‌ವೇರನ್ನು ಕನ್ನಡಕ್ಕೆ ತರುವಾಗ ಒಂದು ಇಂಗ್ಲಿಷ್ ಪದದ ಎದುರು ಒಂದು ಕನ್ನಡ ಪದ ತುಂಬಬೇಕಾಗುತ್ತದೆ. 'ಪ್ಲೇಟ್' ಎಂದಿದ್ದರೆ ತಟ್ಟೆಯೋ, ಫಲಕವೋ, ತಗಡೋ, ಪಟ್ಟವೋ? ಅದು ಯಾವ ಕೆಲಸದ ಮಾತು ಎಂದು ಗೊತ್ತಾಗದೆ ಉತ್ತರ ಹೇಳಲಾಗದು. ಒಂದಕ್ಕೆ ನಾಲ್ಕು ಪದ ಇರುವುದೂ ಒಂದು ಬಗೆಯ ಶ್ರೀಮಂತಿಕೆಯೇ, ಆಕ್ಸ್‌ಫರ್ಡಿನ ಎಣಿಕೆಯಲ್ಲಿ ಅದಕ್ಕೆ ಅಂಕ ಸಿಗುವುದಿಲ್ಲ ಅಷ್ಟೇ. ೨೦೦೦ದ ಸುಮಾರಿಗೆ ನಮ್ಮ ರಾಜ್ಯದಲ್ಲಿ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದಾಗ ಆ ಯೋಜನೆಗೆ ಇಟ್ಟ ಹೆಸರು 'ಭೂಮಿ'. ಪೃಥಿವೀವಲ್ಲಭನ ತಗಡಿನಿಂದ ತಾಲ್ಲೂಕು ಕಚೇರಿಯ ಪ್ರಿಂಟರಿನವರೆಗೆ ಕೆಲಸ ಅದೇ, ಈ ನೆಲ ಯಾರದು ಎಂದು ಬರೆದಿಡುವುದು.

ನಿಮ್ಮ ಊರ ಕಡೆ ಪಟ್ಟ, ಪಟ್ಟಿ, ಪಟ್ಟೆಗಳಿಗೆ ಇಲ್ಲಿ ಹೇಳದೇ ಇರುವ ಅರ್ಥ ಇದೆಯೇ? ಇದ್ದರೆ ತಿಳಿಸಿ, ಪಟ್ಟಿಗೆ ಸೇರಿಸೋಣ.